ಸಮುದ್ರದಿಂದ ಬೆಂಗಳೂರಿಗೆ ನಾನು ಹಾಕಿಕೊಟ್ಟ ಸೈಕಲ್ ದಾರಿ

ಮದ್ರಾಸ್ ಸಮುದ್ರದಿಂದ ಬೆಂಗಳೂರಿಗೆ ಸೈಕಲ್ ತುಳಿದೋನು ನಾನು ಅಂತ ಊರಿಗಾಂ ಚಿನ್ನದ ಗಣಿ ಲೈನ್‌ಮನೆಗಳಲ್ಲಿ ನಾನು ಹೇಳದೆ ಬಿಟ್ಟ ಮನುಷ್ಯ ಇರಲಿಲ್ಲ. ಮುದುಕರಿಗೆ ಹೇಳುವಾಗ ನಾಲ್ಕು ದಿನ ಹಿಡೀತು ಅಂತಿದ್ದೆ. ಹೆಣ್ಣುಮಕ್ಕಳು ಕೇಳಿಸ್ಕೊಳ್ತಿದ್ರೆ ಎರಡೇ ದಿನ. ನಿಜ ಏನಪ್ಪಾ ಅಂದ್ರೆ ಸಮುದ್ರ ನೋಡಿದ್ದು ಒಂದೇ ಸಲ, ಅದೂ ರೈಲಲ್ಲಿ ಹೋಗಿ. ಸೈಕಲ್ಲಲ್ಲಿ ನಾನು ತುಳಿದಿದ್ದ ಮಹಾ ದಾರಿ ಅಂದ್ರೆ ಬೂದಿಕೋಟೆಯಿಂದ ಬಂಗಾರಪೇಟೆ ಮೇಲೆ ಊರಿಗಾಂವರೆಗೆ, ಅಷ್ಟೇ.

ಈ ಸುಳ್ಳನ್ನ ಪೂರ್ತಿ ನಂಬಿದೋನು ಒಬ್ಬನೇ, ನನ್ನ ಜೋಡಿ. ಗಣಿ ಒಳಗೆ ಆರು ವರ್ಷ ಇಬ್ಬರೂ ಒಟ್ಟಿಗೆ ಕೆಲಸ ಮಾಡಿದ್ವಿ. ಅಲ್ಲೊಂದು ಪದ್ಧತಿ ಇತ್ತು. ಮುಂದೆ ಹೋಗೋನು ತಲೆ ಮೇಲಿನ ಕಲ್ಲನ್ನ ಗಡಾರಿಯಿಂದ ತಟ್ಟಿ ನೋಡ್ಬೇಕು. ಗಟ್ಟಿ ಸದ್ದು ಬಂದ್ರೆ ‘ಬಾ’ ಅಂತ ಕೂಗ್ಬೇಕು. ಟೊಳ್ಳು ಸದ್ದು ಬಂದ್ರೆ ಆ ಕಲ್ಲನ್ನ ಮೊದಲು ಬೀಳಿಸ್ಬೇಕು. ಕೂಗೋವರೆಗೂ ಹಿಂದಿನೋನು ಹೆಜ್ಜೆ ಇಡಂಗಿಲ್ಲ. ಅವನ ಊಟದ ಡಬ್ಬಿಯಿಂದ ಮುದ್ದೆ ತೆಗೆದು ಅದೇ ಗಾತ್ರದ ಕಲ್ಲಿಟ್ಟೋನು ನಾನು. ಅವನ ಚಪ್ಪಲಿನ ಮರಕ್ಕೆ ಕಟ್ಟಿದೋನು ನಾನು. ಆದ್ರೆ ಆ ಕೂಗಲ್ಲಿ ಮಾತ್ರ ಒಂದು ದಿನಾನೂ ಕುಚೇಷ್ಟೆ ಮಾಡ್ಲಿಲ್ಲ.

ಆಮೇಲೆ ಅವನಿಗೆ ಎದೆ ಕಟ್ಟೋ ಕಾಯಿಲೆ ಬಂತು. ಒಳಗಿನ ಕೆಲಸ ಸಾಕು ಅಂದ್ರು ಡಾಕ್ಟರು. ಮದ್ರಾಸಲ್ಲಿ ಅಕ್ಕನ ಮನೆ ಇತ್ತು, ಸಮುದ್ರದ ಗಾಳಿ ಒಳ್ಳೇದು ಅಂತ ಹೊರಟೋದ. ನನಗೆ ಹೊಸ ಜೋಡಿ ಸಿಕ್ಕಿದ. ತಮಿಳಿನೋನು, ಒಳ್ಳೇ ಕೆಲಸಗಾರ. ಅವನ ಡಬ್ಬಿಲೂ ಕಲ್ಲಿಟ್ಟು ನೋಡಿದೆ. ಕಲ್ಲು ತೆಗೆದು ಪಕ್ಕಕ್ಕಿಟ್ಟ, ಸಾರು ಕುಡಿದ, ಎದ್ದು ಕೆಲಸಕ್ಕೆ ಹೋದ. ಬೈಯ್ಲೂ ಇಲ್ಲ. ಬೈಯೋರಿಲ್ಲದಿದ್ರೆ ಕುಚೇಷ್ಟೆಗೆ ಉಪ್ಪೇ ಇಲ್ಲ ಅಂತ ಅವತ್ತು ಗೊತ್ತಾಯ್ತು. ರೂಮಿಗೆ ಬಂದ್ರೆ ಗೋಡೆ ಜತೆ ಎಷ್ಟು ಅಂತ ಜಂಬ ಕೊಚ್ಚೋದು?

ಒಂದೂವರೆ ವರ್ಷ ಆದ್ಮೇಲೆ ಅವನ ಕಾಗದ ಬಂತು. ‘ಲೇ, ಬೆಂಗಳೂರಲ್ಲಿ ಕಾವಲು ಕೆಲಸ ಸಿಕ್ಕೈತೆ. ರೈಲು ಡಬ್ಬಿಲಿ ಕೂತ್ರೆ ಉಸಿರು ಕಟ್ದಂಗಾಯ್ತದೆ ಕಣ್ಲಾ, ಸೈಕಲ್ ಮೇಲೆ ನಿದಾನಕ್ಕೆ ಬತ್ತೀನಿ. ನೀನು ತುಳಿದಿರೋ ದಾರಿ ಅಲ್ವಾ? ಏರು ಕಡ್ಮೆ ಇರ್ಬೇಕು, ನೆಳ್ಳು ನೀರು ಇರ್ಬೇಕು. ಬರ್ದು ಕಳ್ಸು. ನೀನೇಳ್ದಂಗೆ ಬತ್ತೀನಿ.’

ಲಾರಿಯವರನ್ನ ಹಿಡಿದು ಕೇಳಿದೆ. ಸಮುದ್ರದಿಂದ ರಾಣಿಪೇಟೆವರೆಗೆ ಅಂಗೈ ಥರ ನೆಲ, ಚಿಂತೆ ಇಲ್ಲ ಅಂದ್ರು. ಅಲ್ಲಿಂದ ಬೆಟ್ಟ ಹತ್ತಿ ನಮ್ಮ ಸೀಮೆಗೆ ಬರೋಕೆ ಎರಡು ದಾರಿ. ಒಂದು ಪೇರಣಾಂಬಟ್ಟು ಮೇಲೆ, ಕಾಡಿನ ಘಾಟು ಹತ್ತಿ ವಿ.ಕೋಟೆಗೆ. ಅಲ್ಲಿಂದ ನೆಟ್ಟಗೆ ನನ್ನ ಬಾಗಿಲಿಗೆ. ಇನ್ನೊಂದು ಚಿತ್ತೂರು, ಪಲಮನೇರು, ಮುಳಬಾಗಿಲು, ಕೋಲಾರದ ಮೇಲೆ ಬೆಂಗಳೂರಿಗೆ. ಅದು ನನ್ನ ಕಡೆ ತಲೆ ಹಾಕಿನೂ ಮಲಗಲ್ಲ. ನನಗೆ ಯಾವುದು ಬೇಕಾಗಿತ್ತು ಅಂತ ಬಾಯಿ ಬಿಟ್ಟು ಹೇಳ್ಬೇಕಾ?

ಜೋಡಿನ ಕರೆಯೋಕೆ ಮುಂಚೆ ತಟ್ಟಿ ನೋಡ್ಬೇಕಲ್ಲ. ಹೆಣ್ಣು ಕೊಟ್ಟ ಅತ್ತೆ ಸತ್ತೋದಳು ಅಂತ ನಾಲ್ಕು ದಿನ ರಜ ಕೇಳಿದೆ. ಮದುವೇನೇ ಆಗದೋನಿಗೆ ಹೆಣ್ಣು ಕೊಟ್ಟೋಳು ಎಲ್ಲಿಂದ ಬಂದಳು ಅಂತ ಒಬ್ಬರೂ ಕೇಳ್ಲಿಲ್ಲ. ಕೇಳಿದ್ರೆ ಚೆನ್ನಾಗಿರ್ತಿತ್ತು.

ವಿ.ಕೋಟೆ ದಾಟಿ ಘಾಟು ಇಳಿಯುವಾಗ ಬೆಲ್ಲು ಬಾರಿಸ್ಕೊಂಡು ಇಳಿದೆ. ಇಳಿಯೋದು ಯಾರಾದ್ರೂ ಇಳೀತಾರೆ. ಕೆಳಗೆ ಹೋಗಿ ಸೈಕಲ್ ತಿರುಗಿಸಿ ಮತ್ತೆ ಹತ್ತೋಕೆ ಶುರು ಮಾಡಿದೆ. ನನ್ನ ಉಸಿರಲ್ಲಿ ಹತ್ತಿದ್ರೆ ಏನು ಪ್ರಯೋಜನ? ಒದ್ದೆ ಟವಲ್ಲನ್ನ ಮೂಗು ಬಾಯಿಗೆ ಬಿಗಿಯಾಗಿ ಕಟ್ಕೊಂಡು ಅವನ ಉಸಿರಲ್ಲಿ ಹತ್ತಿದೆ. ಎರಡನೇ ತಿರುವಿಗೇ ಕಣ್ಣು ಕತ್ತಲೆ ಬಂದು ಕಲ್ಲಿನ ಮೇಲೆ ಕೂತೆ. ಸೌದೆ ಹೊರೆ ಹೊತ್ಕೊಂಡು ಇಳೀತಿದ್ದ ಹೆಂಗಸೊಬ್ಬಳು ನಿಂತು ನೋಡಿದಳು.

‘ಏನಣ್ಣಾ, ಕಳ್ಳತನಕ್ಕೆ ಒಂಟಿದೀಯೋ, ಮುಗಿಸ್ಕೊಂಡು ಬತ್ತಿದೀಯೋ?’

‘ಇಲ್ಲ ಕಣಕ್ಕಾ, ನಮ್ಮ ಜೋಡಿ ಉಸಿರು ತಗೋತಿದೀನಿ.’

‘ನಿಂದೇ ನಿಂಗೆ ಸಾಲ್ತಿಲ್ಲ,’ ಅಂದಳು. ‘ಮೇಲೆ ಇನ್ನೂ ಇಂತಾವು ಬೇಕಾದಷ್ಟು ಅವೆ. ನೀರೂ ಇಲ್ಲ. ಬಿಚ್ಚಿ ಬಿಸಾಕು ಅದನ್ನ, ಸತ್ತುಗಿತ್ತೋದೀಯ.’

ಬಿಚ್ಚಲಿಲ್ಲ. ಇನ್ನೊಂದು ತಿರುವು ನೋಡೇಬಿಡೋಣ ಅಂತ ತಳ್ಳಿದೆ. ಎದುರಿಗೆ ಬಂದ ಲಾರಿಗೆ ಪಕ್ಕಕ್ಕೆ ಸರಿಯೋಕೂ ಕಾಲಲ್ಲಿ ಶಕ್ತಿ ಇರಲಿಲ್ಲ. ಡ್ರೈವರು ತೆಲುಗಲ್ಲಿ ನಮ್ಮಪ್ಪನಿಂದ ಹಿಡಿದು ಬೈದ. ಅಲ್ಲಿಂದ ವಾಪಸ್ಸು ಇಳಿದು ಚಿತ್ತೂರು ಕಡೆಯಿಂದ ಬಂದೆ. ಆ ದಾರಿಲೂ ಮೊಗಿಲಿ ಘಾಟು ಐತೆ, ಆದ್ರೆ ಉದ್ದಕ್ಕೆ ನಿದಾನಕ್ಕೆ ಏರ್ತದೆ. ಅದೇ ಟವಲ್ಲು ಕಟ್ಕೊಂಡೇ ಹತ್ತಿದೆ. ಮೂರು ಸಲ ಕೂತೆ, ಕೂತ ಕಡೆ ಎಲ್ಲಾ ನೆರಳಿತ್ತು. ಪಲಮನೇರು ಆದ್ಮೇಲೆ ಹುಣಸೆ ಮರಗಳ ಸಾಲು, ಬಾವಿ, ಟೀ ಅಂಗಡಿ. ಹಾಳಾದ್ದು ಎಷ್ಟು ಚೆನ್ನಾಗಿತ್ತು ಅಂದ್ರೆ ನನಗೆ ಅಳು ಬಂತು.

ಪೋಸ್ಟಾಫೀಸು ಮುಂದಿನ ಕಟ್ಟೆ ಮೇಲೆ ಕೂತು ಬರೆದೆ. ‘ಪೇರಣಾಂಬಟ್ಟು ಮೇಲೆ ಬಾ, ಏರು ಅಷ್ಟೇನಿಲ್ಲ.’ ಇಷ್ಟು ಬರೆದು ಎಷ್ಟೊತ್ತು ನೋಡ್ತಾ ಕೂತಿದ್ನೋ. ಹರಿದೆ. ಇನ್ನೊಂದು ಕಾಗದ ತಗೊಂಡು ಚಿತ್ತೂರು ದಾರಿ ಬರೆದೆ. ಯಾವ ಬಾವಿ ನೀರು ಸಿಹಿ, ಯಾವ ಊರಲ್ಲಿ ಮಲಗ್ಬೇಕು, ಯಾವ ಊರ ನಾಯಿ ಕಚ್ಚುತ್ತೆ, ಎಲ್ಲಾ. ಮುಳಬಾಗಿಲಲ್ಲಿ ಬೇತಮಂಗಲದ ಕಡೆ ತಿರುಗೋ ದಾರಿನೂ ಗೀಟು ಹಾಕಿ ತೋರಿಸಿದೆ. ಅಲ್ಲಿಂದ ನನ್ನ ರೂಮು ಇಪ್ಪತ್ತು ಮೈಲಿ ಆಗ್ಬೋದು. ಆ ಗೀಟಿನ ಪಕ್ಕ ‘ಬಾ’ ಅಂತ ಬರೆಯೋಕೆ ಕೈ ಬರ್ಲಿಲ್ಲ. ಸಮುದ್ರ ಸುತ್ತಿ ಬಂದ ಗಂಡಸು ನಾನು, ಅಂಗಲಾಚ್ಲಾ? ತಾನಾಗೇ ಬತ್ತಾನೆ ಬಿಡು ಅಂದ್ಕೊಂಡೆ.

ಹೊರಡೋ ದಿನ ಅವನು ಬರೆದು ತಿಳಿಸಿದ್ದ. ಅವನು ಬರೋ ಲೆಕ್ಕದ ಭಾನುವಾರ ಕೋಳಿ ಸಾರು ಮಾಡಿ ಬೇತಮಂಗಲದ ಕೆರೆ ಏರಿ ಮೇಲೆ ಹೋಗಿ ಕೂತೆ. ಮುಳಬಾಗಿಲ ಕಡೆಯಿಂದ ಸೈಕಲ್ಲು ಬಂದಾಗೆಲ್ಲಾ ಎದ್ದು ನಿಂತೆ. ಒಬ್ಬ ಹಾಲಿನೋನು, ಒಬ್ಬ ಮೇಷ್ಟ್ರು, ಕೋಳಿ ಮಾರೋನು. ಹೊತ್ತು ಮುಳುಗೋವರೆಗೂ ಅಷ್ಟೇ. ವಾಪಸ್ಸು ಬಂದು ಸಾರನ್ನ ಹೊಸ ಜೋಡಿ ಮನೆಗೆ ಕೊಟ್ಟೆ. ಏನು ವಿಶೇಷ ಅಂತ ಅವನು ಕೇಳ್ಲಿಲ್ಲ.

ಎರಡು ವಾರ ಆದ್ಮೇಲೆ ಬೆಂಗಳೂರಿಂದ ಕಾರ್ಡು ಬಂತು. ‘ಚಿನ್ನದಂತ ದಾರಿ ಕಣ್ಲಾ. ಒಂದ್ಸಲಾನೂ ಎದೆ ಇಡೀಲಿಲ್ಲ. ಮುಳಬಾಗಿಲಲ್ಲಿ ನೀನು ಗೀಟಾಕಿದ್ದ ಕಡೆ ನಿಂತ್ಕೊಂಡು ನೋಡ್ದೆ. ಬಾ ಅಂತ ನೀನು ಬರ್ದಿರ್ಲಿಲ್ಲ. ನೀನು ಕೂಗ್ದೆ ನಾನು ಯಾವತ್ತು ಕಾಲಿಟ್ಟಿದೀನಿ? ಮುಂದಕ್ಕೆ ಬಂದ್ಬುಟ್ಟೆ.’

ಅವತ್ತೇ ಉತ್ತರ ಬರೆದೆ. ‘ನೀನು ಈ ಕಡೆ ಬರದೇ ಇದ್ದಿದ್ದೇ ಒಳ್ಳೇದಾಯ್ತು ಬಿಡ್ಲಾ. ಆ ಭಾನುವಾರ ನಾನು ಊರಲ್ಲೇ ಇರ್ಲಿಲ್ಲ, ಬಂಗಾರಪೇಟೆಲಿ ನೆಂಟರು, ಹೆಣ್ಣು ತೋರಿಸ್ತೀವಿ ಅಂತ ಎಳ್ಕೊಂಡೋಗಿದ್ರು.’ ಹುಡುಗಿ ಮೂಗು, ಸೀರೆ ಬಣ್ಣ, ಅವರಪ್ಪನ ಬಕ್ಕತಲೆ, ಎಲ್ಲಾ ಬರೆದು ಕಾರ್ಡು ತುಂಬಿಸಿದೆ. ನಾನೇ ಬೆಂಗಳೂರಿಗೆ ಬಂದು ನಿನ್ನ ನೋಡ್ಲಾ ಅಂತ ಕೇಳೋಕೆ ಜಾಗ ಉಳೀಲಿಲ್ಲ.