ಪಿಕುನ್ ಕತ್ತರಿಸಿದ ದಾರ

ಪಿಕುನ್‌ಳನ್ನು ನಾನು ಮೊದಲು ಕಂಡ ದಿನ ಅವಳು ನೆಲಕ್ಕೆ ಮಂಡಿಯೂರಿ, ಉಗುರಿನಿಂದ ಒಂದು ಚೂರು ಕಪ್ಪು ಟೇಪು ಕೀಳುತ್ತಿದ್ದಳು.

ನಮ್ಮೂರಿನ ಆಸ್ಪತ್ರೆ ಮೆಕಾಂಗ್ ನದಿಯ ದಂಡೆಯಲ್ಲಿದೆ. ಅದರ ಹಿಂಭಾಗದಲ್ಲಿ ನನ್ನ ಅನ್ನದಂಗಡಿ. ನನ್ನ ಒಲೆಯ ಪಕ್ಕದ ಗೋಡೆಗೆ ಒಂದು ಗಾಜಿನ ಕಿಟಕಿ, ಕಿಟಕಿಯಾಚೆ ಸಣ್ಣ ಕೋಣೆ, ಕೋಣೆಯಲ್ಲಿ ಕಬ್ಬಿಣದ ಬೀರು. ಆಸ್ಪತ್ರೆಯ ಎಲ್ಲ ಕಂಪ್ಯೂಟರು, ಎಲ್ಲ ಫೋನುಗಳ ವೈರುಗಳು ಬಂದು ಸೇರುವ ಪೆಟ್ಟಿಗೆ ಆ ಬೀರುವಿನಲ್ಲಿತ್ತು. ಅದಕ್ಕೂ ಸ್ವಿಚ್ಚು ಎಂದೇ ಹೆಸರು. ದೀಪ ಹಚ್ಚುವ ಸ್ವಿಚ್ಚಿಗೂ ಇದಕ್ಕೂ ಸಂಬಂಧವಿಲ್ಲ. ಅದನ್ನು ನೋಡಿಕೊಳ್ಳುತ್ತಿದ್ದ ಹುಡುಗ ಬಿಟ್ಟುಹೋದ ಮೇಲೆ ಬಂದವಳು ಪಿಕುನ್. ದಕ್ಷಿಣದ ಸಮುದ್ರದ ಕಡೆಯವಳು, ದುಂಡುಮುಖ, ಬಿರುಸು ಮಾತು.

"ಯಾಯ್, ಈ ಟೇಪು ಯಾರು ಹಚ್ಚಿದ್ದು?" ಎಂದು ಕಿಟಕಿ ಸರಿಸಿ ಕೇಳಿದಳು. ಆಸ್ಪತ್ರೆಯವರೆಲ್ಲ ನನ್ನನ್ನು ಕರೆಯುವುದು ಯಾಯ್, ಅಜ್ಜಿ, ಎಂದೇ.

"ಮುಂಚೆ ಇದ್ದ ಹುಡುಗ. ಪೆಟ್ಟಿಗೆಯ ಆ ಹಳದಿ ದೀಪ ಕಣ್ಣಿಗೆ ಚುಚ್ಚುತ್ತೆ ಅಂತಿದ್ದ."

"ಚುಚ್ಚಲಿ ಅಂತಾನೇ ಇಟ್ಟಿರೋದು!"

ಸ್ವಿಚ್ಚಿಗೆ ಕರೆಂಟು ಎರಡು ದಾರಿಯಿಂದ ಬರುತ್ತದಂತೆ. ಒಂದು ಕೈಕೊಟ್ಟರೆ ಇನ್ನೊಂದು ಕಾಯಬೇಕು. ಹಳದಿ ದೀಪ ಹೇಳುತ್ತಿದ್ದುದು ಅದನ್ನೇ: ಎರಡನೆಯ ವೈರು ಕಿತ್ತು ಬಿದ್ದಿತ್ತು, ಅದರ ಜಾಗದಲ್ಲಿ ನೀರು ಕಾಯಿಸುವ ಕೆಟಲು ಕುಳಿತಿತ್ತು. ಕೆಟಲು ಉಗ್ರಾಣ ನೋಡಿಕೊಳ್ಳುವ ಖಂಪಾನ್‌ನದು. ಅವನು ಬಾಗಿಲಲ್ಲೇ ನಿಂತಿದ್ದ.

"ಲುಂಗ್, ಈ ಕೆಟಲ್ ನಿಮ್ದಾ?" ಎಂದಳು. ತಂದೆಗಿಂತ ಹಿರಿಯ ಗಂಡಸನ್ನು ನಾವು ಲುಂಗ್ ಎನ್ನುತ್ತೇವೆ.

"ನಂದೇ. ಮೂರು ವರ್ಷದಿಂದ ಅಲ್ಲೇ ಇದೆ. ನಿನ್ನ ಪೆಟ್ಟಿಗೆ ಏನಾದ್ರೂ ಸತ್ತಿದೆಯೇನು?"

"ಸಾಯೋಕೆ ಮುಂಚೆ ಹೇಳ್ತಾ ಇತ್ತು, ನೀವೆಲ್ಲ ಅದರ ಬಾಯಿಗೆ ಪಟ್ಟಿ ಹಾಕಿದ್ರಿ."

ಖಂಪಾನ್ ಗೊಣಗಿಕೊಂಡು ಹೋದ. ಮಾರನೆಯ ದಿನ ಪಿಕುನ್ ಅವನ ಉಗ್ರಾಣದ ಮೇಜಿನ ಬಳಿಯೇ ಹೊಸ ಪ್ಲಗ್ಗು ಹಾಕಿಸಿಕೊಟ್ಟಳು. ಅಂದಿನಿಂದ ಅವನಿಗೆ ಅವಳು ಮಗಳಾದಳು. ಮಧ್ಯಾಹ್ನ ನನ್ನ ಬೆಂಚಿನ ಮೇಲೆ ಇಬ್ಬರೂ ಒಂದೇ ಬುಟ್ಟಿಯ ಅಂಟನ್ನ ಉಣ್ಣುವರು. ಅವಳ ಖಾರ ಅವನಿಗೆ ಸಾಲದು, ಅವನ ಮೀನಿನ ಗೊಜ್ಜು ಅವಳಿಗೆ ನಾತ. "ಸಮುದ್ರದವಳಿಗೆ ಮೀನು ನಾತವಂತೆ, ಕೇಳಿದಿರಾ ಯಾಯ್?" ಎಂದು ನಗುವನು.

ವಾರ್ಡುಗಳಿಗೆ ಹೋಗುವಾಗ ಪಿಕುನ್ ಕಿಟಕಿಯನ್ನು ನನಗೆ ಒಪ್ಪಿಸಿ ಹೋಗುತ್ತಿದ್ದಳು. "ಹಸಿರಿದ್ರೆ ನಿಮ್ಮ ಅಡಿಗೆ ನೋಡ್ಕೊಳ್ಳಿ. ಹಳದಿ ಬಂದ್ರೆ ಫೋನ್ ಮಾಡಿ. ಕೆಂಪಾದ್ರೆ ಫೋನ್ ಬೇಡ, ಕಿರುಚಿ." ನಾನು ಓದಿದವಳಲ್ಲ, ಬಣ್ಣ ಗೊತ್ತಾಗಲು ಓದು ಬೇಕಿಲ್ಲ.

ಮಳೆಗಾಲಕ್ಕೆ ಮೊದಲು ಹೆರಿಗೆ ವಾರ್ಡಿಗೆ ಹೊಸ ಕಟ್ಟಡವಾಯಿತು. ಹರಸಲು ನಮ್ಮ ವಿಹಾರದ ಹಿರಿಯ ಭಿಕ್ಷುಗಳೊಬ್ಬರು ಬಂದರು. ಬುದ್ಧನ ಮೂರ್ತಿಯಿಂದ ಹೊರಟ ಮಂತ್ರದ ಬಿಳಿದಾರ ಆಸ್ಪತ್ರೆಯನ್ನೆಲ್ಲ ಸುತ್ತಿ ಬಂತು. ದಾರ ಎಳೆದವನು ಖಂಪಾನ್. ಎಳೆಯ ವಯಸ್ಸಿನಲ್ಲಿ ಅವನು ಆ ಭಿಕ್ಷುಗಳ ಕೈಕೆಳಗೆ ಕಾಷಾಯ ಉಟ್ಟು ಒಂದು ಮಳೆಗಾಲ ಕಳೆದವನು. ಸ್ವಿಚ್ಚಿಗೂ ಆಶೀರ್ವಾದ ಸಿಗಲಿ ಎಂದು ಬೀರುವನ್ನೂ ಸುತ್ತಿಸಿದ. "ಒಂದು ಗೇಣು ದೂರ ಇರ್ಲಿ ಲುಂಗ್, ಪೆಟ್ಟಿಗೆ ತಂಪಾಗಿಡೋ ಫ್ಯಾನ್ ಇದೆ ಒಳಗೆ, ದಾರ ಎಳ್ಕೊಳ್ಳುತ್ತೆ," ಎಂದಳು ಪಿಕುನ್. ದೂರವೇ ಕಟ್ಟಿದ. ಮಳೆ ಹಿಡಿಯಿತು, ಆ ಹಿರಿಯ ಭಿಕ್ಷುಗಳು ತೀರಿಕೊಂಡರು. ಅವರ ಕೈಯಿಂದ ಹೊರಟ ಕೊನೆಯ ದಾರ ಅದು. ಅದನ್ನು ಬಿಚ್ಚುವುದಿರಲಿ, ಗುಡಿಸುವ ಹೆಂಗಸರು ಅದರ ಕೆಳಗೆ ತಲೆ ಬಗ್ಗಿಸಿ ಹೋಗುತ್ತಿದ್ದರು. ಖಂಪಾನ್ ಬೆಳಿಗ್ಗೆ ಬಂದವನು ಮೊದಲು ಅದಕ್ಕೆ ಕೈಮುಗಿಯುವನು.

ತೇವಕ್ಕೆ ದಾರ ಸಡಿಲವಾಗಿ ಜೋತಾಡತೊಡಗಿತು. ಪಿಕುನ್ ದಿನವೂ ಮೇಲಕ್ಕೆ ಸರಿಸುತ್ತಿದ್ದಳು. ಒಂದು ದಿನ ಬೆಳಿಗ್ಗೆ ಯಾವುದೋ ವಾರ್ಡಿನ ಫೋನು ನೋಡಲು ಅವಳು ಹೋಗಿದ್ದಾಗ ಕೋಣೆಯಲ್ಲಿ ಕೀರಲು ಸದ್ದೆದ್ದಿತು. ನೋಡಿದರೆ ಹಳದಿ. ಫೋನು ಮಾಡಿದೆ. ಅವಳು ಓಡಿ ಬಂದಳು, ಖಂಪಾನ್ ಹಿಂದೆಯೇ ಬಂದ.

"ಮೊದಲು ಆ ಕಿರುಚಾಟ ನಿಲ್ಸು, ಕಿವಿ ಹೋಯ್ತು," ಎಂದ.

"ಕಿರುಚಲಿ ಬಿಡಿ. ಏನಾಗಿದೆ ಅಂತ ನೋಡೋ ಮೊದ್ಲು ಸುಮ್ಮನಾಗಿಸಬಾರ್ದು."

ಅವಳು ಗಾಳಿ ಬರುವ ಕಂಡಿಗಳಿಗೆ ಒಂದೊಂದಾಗಿ ಅಂಗೈ ಹಿಡಿದಳು. ಒಂದು ಕಡೆ ಕೈ ನಿಂತಿತು. ದಾರ ಒಳಗೆ ಸೆಳೆದುಹೋಗಿ ಒಂದು ಫ್ಯಾನಿಗೆ ಸುತ್ತಿಕೊಂಡು ಅದನ್ನು ನಿಲ್ಲಿಸಿತ್ತು. ಉಳಿದವು ಅದರ ಪಾಲಿನದೂ ಸೇರಿಸಿ ಊಳಿಡುತ್ತಿದ್ದವು. ಬಿಸಿ ಏರುತ್ತಿತ್ತು. ಮಿತಿ ಮೀರಿದರೆ ಸ್ವಿಚ್ಚು ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ, ಆಮೇಲೆ ಒಂದು ವಾರ್ಡಿನ ಕರೆ ಇನ್ನೊಂದಕ್ಕೆ ಮುಟ್ಟುವುದಿಲ್ಲ, ರಕ್ತದ ವರದಿ ವೈದ್ಯರಿಗೆ ಸಿಗುವುದಿಲ್ಲ. ಬೇರೆ ಫ್ಯಾನು ದೂರದ ಉಬೋನ್ ಪಟ್ಟಣದಿಂದ ಬಸ್ಸಿನಲ್ಲಿ ಬರಬೇಕಿತ್ತು.

"ದಾರಕ್ಕೆ ಕತ್ತರಿ ತಾಗಿಸ್ಬೇಡ ಮಗಳೇ," ಎಂದ ಖಂಪಾನ್. ಅವನ ದನಿ ಅಷ್ಟು ಸಣ್ಣಗಾದದ್ದು ನಾನು ಕೇಳಿರಲಿಲ್ಲ.

"ಬಿಡಿಸ್ತೀನಿ ಲುಂಗ್. ಯಾಯ್, ನೀವು ಮಗ್ಗದಲ್ಲಿ ಕೂತವರು, ಬನ್ನಿ."

ಫ್ಯಾನುಗಳೆಲ್ಲ ಒಂದೇ ತಟ್ಟೆಯಲ್ಲಿರುತ್ತವೆ. ತಟ್ಟೆ ಎಳೆದರೆ ಎಲ್ಲವೂ ನಿಲ್ಲುತ್ತವೆ. ಅನ್ನಕ್ಕೆ ಉಕ್ಕು ಬರುವಷ್ಟು ಹೊತ್ತಿನೊಳಗೆ ಮತ್ತೆ ಕೂರಿಸಬೇಕು ಎಂದಳು. ಎಳೆದಳು. ನಾನು ದಾರ ಬಿಗಿ ಹಿಡಿದೆ, ಅವಳು ಫ್ಯಾನನ್ನು ಹಿಮ್ಮುಖವಾಗಿ ತಿರುಗಿಸಿದಳು. ಸುತ್ತು ಸುತ್ತಾಗಿ ಬಂತು. ಒಳಗಿನ ಸುತ್ತುಗಳು ಮಾತ್ರ ನಡುವಿನ ಅಚ್ಚಿನ ಸಂದಿಗೆ ಕಚ್ಚಿಕೊಂಡಿದ್ದವು. ದೀಪ ಕೆಂಪಾಯಿತು.

"ಯಾಯ್, ಬರುತ್ತಾ?"

"ಬರುತ್ತೆ. ಹೊತ್ತು ಬೇಕು."

"ಹೊತ್ತಿಲ್ಲ."

ಅವಳು ಖಂಪಾನ್‌ನ ಕಡೆ ನೋಡಲಿಲ್ಲ. ದಾರಕ್ಕೆ ಕೈಜೋಡಿಸಿ ತಲೆ ಬಾಗಿಸಿದಳು, ಜೇಬಿನಿಂದ ಉಗುರು ಕತ್ತರಿ ತೆಗೆದು ಕಡಿದಳು, ಸಂದಿಯಲ್ಲಿದ್ದುದನ್ನು ಚಿಮಟದಿಂದ ಕಿತ್ತು ತಟ್ಟೆಯನ್ನು ಒಳಗೆ ನೂಕಿದಳು. ಎಲ್ಲ ಫ್ಯಾನುಗಳೂ ಒಟ್ಟಿಗೆ ಭೋರೆಂದವು. ಕೆಂಪು ಹಳದಿಯಾಯಿತು, ಹಳದಿ ಹಸಿರಾಗಲು ಬಹಳ ಸತಾಯಿಸಿತು. ಹಸಿರಾದರೂ ಅವಳು ಏಳಲಿಲ್ಲ. ಪ್ರತಿ ವಾರ್ಡಿಗೂ ಫೋನು ಮಾಡಿ ಏನಾದರೂ ನಿಂತಿತ್ತೇ ಎಂದು ಕೇಳಿದಳು. "ಯಾಕೆ, ಏನಾಗಿತ್ತು?" ಎಂದರು ಎಲ್ಲರೂ. ತಿರುಗಿ ನೋಡಿದಾಗ ಬಾಗಿಲಲ್ಲಿ ಖಂಪಾನ್ ಇರಲಿಲ್ಲ.

ಅಂದೇ ಅವಳು ಗೋಡೆಗೆ ಕೊಕ್ಕೆ ಬಡಿಸಿ, ತುಂಡಾದ ತುದಿಗಳನ್ನು ಬೀರುವಿನಿಂದ ದೂರದಲ್ಲಿ ಗಂಟುಹಾಕಿದಳು. ಖಂಪಾನ್ ಅದನ್ನು ನೋಡಿಕೊಂಡು ಉಗ್ರಾಣಕ್ಕೆ ನಡೆದ. ಊಟಕ್ಕೆ ಬಂದರೆ ಆಚೆಯ ಬೆಂಚಿನಲ್ಲಿ ಬೆನ್ನು ತಿರುಗಿಸಿ ಕೂರುವನು.

"ಯಾಯ್, ಮೀನು ಇಡೀದೇ ಕೊಡಿ, ಕತ್ತರಿಸ್ಬೇಡಿ. ಈ ಆಸ್ಪತ್ರೇಲಿ ಕತ್ತರಿಸೋರು ಜಾಸ್ತಿಯಾಗಿದ್ದಾರೆ," ಎನ್ನುವನು. ಅವಳು ತುತ್ತನ್ನು ಕೈಯಲ್ಲೇ ಉಂಡೆಮಾಡುತ್ತ ಕೂರುವಳು.

"ಅವ್ರು ಬೈದಿದ್ರೆ ಚೆನ್ನಾಗಿತ್ತು ಯಾಯ್," ಎಂದಳು ಒಮ್ಮೆ. "ಇಷ್ಟು ದೂರ ಬಂದು ಒಬ್ಬರನ್ನ ಸಂಪಾದಿಸಿದ್ದೆ."

ಫ್ಯಾನಿನಿಂದ ಕಿತ್ತ ತುಂಡನ್ನು ಅವಳು ಎಸೆದಿರಲಿಲ್ಲ. ಬೂದಿಬಣ್ಣಕ್ಕೆ ತಿರುಗಿ ಬತ್ತಿಯಂತಾಗಿತ್ತು. ಒಂದು ಮಧ್ಯಾಹ್ನ ಅದನ್ನು ತಂದು, ನನ್ನ ಪಾತ್ರೆ ತೊಳೆಯುವ ಬೋಗುಣಿಯಲ್ಲಿ ನೊರೆ ಎಬ್ಬಿಸಿ ಉಜ್ಜತೊಡಗಿದಳು. ಖಂಪಾನ್ ನೀರು ಕೇಳಲು ಬಂದವನು ಕಂಡುಬಿಟ್ಟ.

"ಏನೇ ಅದು?"

"ದಾರ, ಲುಂಗ್. ದೂಳು ಹೋಗ್ಲಿ ಅಂತ."

"ಮಂತ್ರದ ದಾರಾನ ಪಾತ್ರೆ ಸೋಪಲ್ಲಿ ತಿಕ್ಕೋದಾ? ಪೆದ್ದಿ! ದೂಳಿನ ಜೊತೆ ಪುಣ್ಯಾನೂ ತೊಳೆದ್ಯಲ್ಲೇ! ನಿಮ್ಮ ಕಡೆ ಬುದ್ಧನ್ನೂ ಬಟ್ಟೆ ಜೊತೆ ಒಗೀತಾರಾ?"

ಅವಳು ನೊರೆಯ ಕೈಯಲ್ಲೇ ಅವನನ್ನು ನೋಡಿದಳು. ಎಷ್ಟೋ ದಿನಗಳ ಮೇಲೆ ಅವನು ಅವಳಿಗೆ ಆಡಿದ ಮಾತು ಅದು. ಅವಳ ಕಣ್ಣು ತುಂಬಿತು, ಬಾಯಿ ನಗುತ್ತಿತ್ತು. ಖಂಪಾನ್ ಗದರುತ್ತಲೇ ದಾರ ಕಿತ್ತುಕೊಂಡು ಹಿಂಡಿದ, ಒದ್ದೆಯನ್ನು ತನ್ನ ಅಂಗಿಗೆ ಒರೆಸಿದ.

"ಕೈ ಕೊಡು. ಎಡಗೈ ಅಲ್ಲ."

ಹರಸಿದ ದಾರ ತುಂಡಾದರೆ ನಾವು ಮಣಿಕಟ್ಟಿಗೆ ಕಟ್ಟುತ್ತೇವೆ, ಅದು ನಮ್ಮ ಕಡೆಯ ರೂಢಿ. ಖಂಪಾನ್ ತುಟಿಯಲ್ಲೇ ಏನನ್ನೋ ಜಪಿಸುತ್ತ ಗಂಟು ಹಾಕಿದ. ಆಮೇಲೆ, "ಯಾಯ್, ಮೀನು ಕತ್ತರಿಸೇ ಕೊಡಿ, ಇಬ್ಬರಿಗೆ ಆಗಲಿ," ಎಂದು ಹಳೆಯ ಬೆಂಚಿನಲ್ಲಿ ಕುಳಿತ.

ಚಳಿ ಶುರುವಾದಾಗ ಪಿಕುನ್‌ಗೆ ತನ್ನ ತಾಯಿಯ ಊರಿನ ಹತ್ತಿರವೇ ಬೇರೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಖಂಪಾನ್ ಅವಳ ಚೀಲವನ್ನು ಬಸ್ಸಿಗೆ ಹೊತ್ತುಕೊಂಡು ಹೋಗಿದ್ದ. ಅವಳು ಕೋಣೆಗೆ ಹೋಗಿ ಕಂಡಿಗಳಿಗೆಲ್ಲ ಇನ್ನೊಮ್ಮೆ ಅಂಗೈ ಹಿಡಿದು ನೋಡಿದಳು, ಆಮೇಲೆ ನನ್ನ ಒಲೆಯ ಬಳಿ ಬಂದು ಬಲಗೈ ಚಾಚಿದಳು. ದಾರ ಹಳತಾಗಿ ಗಂಟಿನ ತುದಿಗಳು ಉದ್ದಕ್ಕೆ ಜೋತುಬಿದ್ದಿದ್ದವು.

"ಇದನ್ನ ಬಿಚ್ಚೋಕೆ ಮನಸ್ಸಿಲ್ಲ ಯಾಯ್. ಆದ್ರೆ ಅಲ್ಲೂ ದಿನಾ ಫ್ಯಾನಿನ ಹತ್ರಾನೇ ಕೈ ಹಾಕ್ಬೇಕು. ತುದಿ ಜೋತಾಡದ ಹಾಗೆ ಇನ್ನೊಂದು ಗಂಟು ಬಿಗಿಯಾಗಿ ಹಾಕಿಕೊಡ್ತೀರಾ?"