ಮೇಸ್ತ್ರಿಯ ಬಲಗೈ ಹೆಬ್ಬೆರಳು

ಮೇಸ್ತ್ರಿಯ ಬಲಗೈ ಹೆಬ್ಬೆರಳು ಮಡಚುತ್ತಿರಲಿಲ್ಲ. ಬುಡದಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು, ಅಲ್ಲಿಂದ ಹೊರಕ್ಕೆ ವಾಲಿಕೊಂಡ ಬೆರಳು. ಟೀ ಲೋಟವನ್ನು ಉಳಿದ ನಾಲ್ಕು ಬೆರಳಲ್ಲೇ ಹಿಡಿಯುತ್ತಿದ್ದರು. ಸ್ಪಾನರ್ ತಿರುಗಿಸುವಾಗ ಆ ಹೆಬ್ಬೆರಳು ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಿತ್ತು, ಕೆಲಸದ ಮನೆಗೆ ಬಂದು ಕೈಕಟ್ಟಿ ನಿಂತ ನೆಂಟನ ಹಾಗೆ. ಏನಾಯಿತೆಂದು ಹೊಸಬರು ಕೇಳಿದರೆ 'ಕಾರು ಒದೀತು' ಎಂದು ಮಾತು ಮುಗಿಸುತ್ತಿದ್ದರು. ಅದು ಸುಳ್ಳು. ಆ ಕೈ ಮುರಿದದ್ದು ಚಿತ್ರದುರ್ಗದ ಒಬ್ಬ ಹತ್ತಿ ಮಿಲ್ಲಿನ ಸಾಹುಕಾರ. ಅವನಿಗೆ ಬಹುವಚನ ಕೊಡಲು ನನಗೆ ಇಷ್ಟವಿಲ್ಲ. ಊರೆಲ್ಲ ಕೊಡುತ್ತದೆ, ಸಾಕು.

ಹಿರಿಯೂರಿನಲ್ಲಿ ಹೆದ್ದಾರಿಯ ಪಕ್ಕ, ಲಾರಿ ಗ್ಯಾರೇಜುಗಳ ಸಾಲಿನ ಕೊನೆಗೆ ಮೇಸ್ತ್ರಿಯ ತಗಡಿನ ಶೆಡ್ಡಿತ್ತು. ಹೊಟ್ಟೆಪಾಡಿಗೆ ಲಾರಿ ರಿಪೇರಿ, ಮನಸ್ಸಿಗೆ ಹಳೇ ಕಾರು. ಬಬ್ಬೂರಿನ ಕುರಿ ಕಾಯುವ ಮನೆಯವರು. 'ಕುರಿ ಕೆಮ್ಮಿದ್ರೆ ಯಾವ ಕುರಿ ಅಂತ ನಮ್ಮಪ್ಪಂಗೆ ಗೊತ್ತಾಗ್ತಿತ್ತು. ನಂಗೆ ಯಾವ ಸಿಲಿಂಡ್ರು ಅಂತ ಗೊತ್ತಾಗ್ತೈತೆ, ಅಷ್ಟೇ ಯತ್ವಾಸ' ಎನ್ನುತ್ತಿದ್ದರು. ನಾನು ಅಲ್ಲಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಮಾರಿಕಣಿವೆ ಅಣೆಕಟ್ಟಿನ ನಾಲೆಗಳ ಮೇಲೆ ಓವರ್‌ಸಿಯರ್ ಆಗಿದ್ದ ನಮ್ಮ ತಾತ ಬಿಟ್ಟುಹೋದ ಬೇಬಿ ಆಸ್ಟಿನ್ ಕಾರೊಂದು ಹಿತ್ತಿಲಲ್ಲಿ ಕೂತಿತ್ತು. ತೊಂಬತ್ತರ ಸುಮಾರಿಗೆ ಅದನ್ನು ಎತ್ತಿನ ಹಿಂದೆ ಕಟ್ಟಿ ಅವರ ಶೆಡ್ಡಿಗೆ ಎಳೆಸಿದೆ. ಮೇಸ್ತ್ರಿ ಎರಡು ಸುತ್ತು ಬಂದು, ಎಣ್ಣೆ ಕಡ್ಡಿ ಹೊರಗೆಳೆದು ಮೂಸಿ, 'ಜೀವ ಐತೆ ಸಾರ್' ಎಂದರು. ಅಂದಿನಿಂದ ಭಾನುವಾರಗಳೆಲ್ಲ ಆ ಶೆಡ್ಡಿನಲ್ಲೇ ಕಳೆದವು.

ಹಳೇ ಕಾರಿನ ವಿಷಯದಲ್ಲಿ ಅವರಿಗೆ ಎರಡು ನೇಮಗಳಿದ್ದವು. ಒಂದು, ಕಾರು ನಿಲ್ಲಿಸುವಾಗ ಸ್ವಿಚ್ಚು ಮುಟ್ಟುತ್ತಿರಲಿಲ್ಲ. ಸೀಟಿನ ಮುಂದಿರುವ ಪೆಟ್ರೋಲಿನ ನಲ್ಲಿಯನ್ನು ಮುಚ್ಚಿ, ಒಳಗೆ ಉಳಿದದ್ದನ್ನು ಎಂಜಿನ್ ಕುಡಿದು ತಾನಾಗಿಯೇ ನಿಲ್ಲುವವರೆಗೆ ಕಾಯುತ್ತಿದ್ದರು. ಇನ್ನೊಂದು ಹ್ಯಾಂಡಲ್‌ನದು. ಆ ಕಾಲದ ಕಾರುಗಳನ್ನು ಮುಂದೆ ಬಗ್ಗಿ ಕಬ್ಬಿಣದ ಹ್ಯಾಂಡಲ್ ಹೊಡೆದು ಎಬ್ಬಿಸಬೇಕು. ಸ್ಟೇರಿಂಗ್ ಹತ್ತಿರ ಎಂಜಿನ್ನಿನೊಳಗೆ ಕಿಡಿ ಹಾರುವ ಹೊತ್ತನ್ನು ಹಿಂದುಮುಂದು ಮಾಡುವ ಒಂದು ಸಣ್ಣ ಲಿವರ್ ಇರುತ್ತದೆ. ಅದು ಮೇಲಿದ್ದರೆ ಹ್ಯಾಂಡಲ್ ಹೇಳಿದ ಹಾಗೆ ಕೇಳುತ್ತದೆ. ಕೆಳಗಿದ್ದರೆ ಎಂಜಿನ್ ತಿರುಗಿ ಒದ್ದು ಕೈ ಮುರಿಯುತ್ತದೆ. ಆದ್ದರಿಂದ ಹೆಬ್ಬೆರಳನ್ನು ಹ್ಯಾಂಡಲ್‌ಗೆ ಸುತ್ತದೆ ಉಳಿದ ಬೆರಳುಗಳ ಪಕ್ಕದಲ್ಲೇ ಇಡಬೇಕು. ಇದನ್ನು ನನಗೆ ಮೊದಲ ದಿನವೇ ಕಲಿಸಿದ್ದರು.

ಸಾಹುಕಾರನ ಬಳಿ ಒಂದು ತೆರೆದ ಫೋರ್ಡ್ ಇತ್ತು. ಸೆಲ್ಫ್ ಸ್ಟಾರ್ಟರ್ ಎಂದೋ ಹಾಳಾಗಿತ್ತು. ಅದನ್ನು ಎಷ್ಟೋ ವರ್ಷಗಳಿಂದ ಮೇಸ್ತ್ರಿಯೇ ನೋಡಿಕೊಳ್ಳುತ್ತಿದ್ದರು. ತೊಂಬತ್ತೆರಡರ ಸುಮಾರಿಗೆ ಒಂದು ಬೆಳಿಗ್ಗೆ ಅವನ ಮನೆಗೆ ಬೀಗರು ಬಂದಿದ್ದರು. ಅವರನ್ನು ಫೋರ್ಡಿನಲ್ಲಿ ಮಾರಿಕಣಿವೆಗೆ ಕರೆದುಕೊಂಡು ಹೋಗಬೇಕು, ಬಂದು ಕಾರು ಎಬ್ಬಿಸಿಕೊಡು ಎಂದು ಮೇಸ್ತ್ರಿಗೆ ಹೇಳಿಕಳಿಸಿದ್ದ. ನಾನೂ ಜೊತೆಗೆ ಹೋಗಿದ್ದೆ. ನನ್ನನ್ನು ಜಗಲಿಯ ಮೇಲೆ ಬೀಗರ ಪಕ್ಕ ಕೂರಿಸಿ ಕಾಫಿ ಕೊಟ್ಟಿದ್ದರು. ಸಾಹುಕಾರ ಸ್ಟೇರಿಂಗ್ ಹಿಂದೆ ಕೂತ, ಮೇಸ್ತ್ರಿ ಮುಂದೆ ಬಗ್ಗಿದರು. ಆಗ ಅವನು ಜಗಲಿಯ ಕಡೆ ನೋಡಿ ಕಣ್ಣು ಹೊಡೆದು, ಲಿವರನ್ನು ಬೇಕೆಂದೇ ಕೆಳಕ್ಕೆಳೆದ.

ಹಸಿ ಕಟ್ಟಿಗೆ ಮುರಿದಂಥ ಸದ್ದು ಜಗಲಿಯವರೆಗೂ ಕೇಳಿಸಿತು. ಮೇಸ್ತ್ರಿ ಕೈಯನ್ನು ತೊಡೆಗಳ ನಡುವೆ ಇಟ್ಟುಕೊಂಡು ನೆಲಕ್ಕೆ ಕೂತರು.

ಸಾಹುಕಾರ ಇಳಿಯಲೂ ಇಲ್ಲ. 'ತಮಾಷಿಗೆ ಮಾಡಿದ್ದಪ್ಪ. ಇಷ್ಟು ವರ್ಷದಿಂದ ಹೊಡೀತೀಯ, ಕೈ ತಕ್ಕಳಾಕೆ ಬರಲ್ವೇನಲೇ ನಿಂಗೆ?' ಎಂದ. ಜಗಲಿಯ ಮೇಲಿದ್ದವರೆಲ್ಲ ನಕ್ಕರು.

ಮೂಳೆ ಸೊಟ್ಟಗೆ ಕೂಡಿಕೊಂಡಿತು. ಆರು ತಿಂಗಳು ಮೇಸ್ತ್ರಿಗೆ ಒಂದು ನಟ್ಟೂ ಬಿಚ್ಚಲಾಗಲಿಲ್ಲ. ಅವರ ಹೆಂಡತಿ ಬಬ್ಬೂರು ಫಾರಂನಲ್ಲಿ ಕಳೆ ಕೀಳಲು ಹೋದರು. ಸಾಹುಕಾರ ಒಂದು ಬುಟ್ಟಿ ಬಾಳೆಹಣ್ಣು ಕಳಿಸಿದ. ಮೇಸ್ತ್ರಿ ಅದನ್ನು ಬಾಗಿಲಿಂದಲೇ ವಾಪಸು ಕಳಿಸಿದರು. ನಾನು ಒಂದು ಕೇಜಿ ಸಕ್ಕರೆ ಕಟ್ಟಿಸಿಕೊಂಡು ಶೆಡ್ಡಿಗೆ ಹೋಗಿ, ಇದನ್ನು ಅವನ ಪೆಟ್ರೋಲ್ ಟ್ಯಾಂಕಿಗೆ ಸುರಿದು ಬರುತ್ತೇನೆ ಎಂದೆ. ಅವರು ತಡೆಯದಿದ್ದರೆ ನಿಜವಾಗಿಯೂ ಸುರಿಯುತ್ತಿದ್ದೆ.

'ಕಾರೇನ್ ಮಾಡೈತೆ ಸಾರ್? ಅದನ್ಯಾಕೆ ಸಾಯಿಸ್ತೀರಿ' ಎಂದು ಮೇಸ್ತ್ರಿ ಪೊಟ್ಟಣ ಕಸಿದುಕೊಂಡು ಹೆಂಡತಿಯ ಕೈಗೆ ಕೊಟ್ಟರು. 'ತಪ್ಪು ನಂದೂ ಐತೆ. ಗೊತ್ತಿರೋ ಕಾರು, ಗೊತ್ತಿರೋ ಜನ ಅಂತ ಬೆರಳು ಸುತ್ತಿ ಹಿಡ್ದಿದ್ದೆ. ಇರ್ಲಿ, ಅವನು ಬರ್ತಾನೆ. ಆ ಗಾಡಿ ಬ್ಯಾರೇರ ಮಾತು ಕೇಳಲ್ಲ.'

ನಾನು ಭಾನುವಾರ ಹೋದಾಗಲೆಲ್ಲ ಮೇಸ್ತ್ರಿ ನನ್ನ ಆಸ್ಟಿನ್ನಿಗೆ ಹ್ಯಾಂಡಲ್ ಹೊಡೆಯುವುದನ್ನು ಬಿಡಲಿಲ್ಲ, ಎಡಗೈ ರೂಢಿಸಿಕೊಂಡರು. ನಾನು ಒಳಗೆ ಕೂತಿರಬೇಕು, ಅವರು ಮುಂದೆ ಬಗ್ಗಬೇಕು. ಬಗ್ಗುವ ಮೊದಲು ಒಂದು ಸಲ, ಬಗ್ಗಿದ ಮೇಲೆ ಇನ್ನೊಂದು ಸಲ ಕೇಳುತ್ತಿದ್ದರು: 'ಲಿವರ್ ಮೇಲೈತಾ ಸಾರ್?' ಪೆಟ್ಟು ತಿಂದವರ ಜಾಗ್ರತೆ ಎಂದುಕೊಂಡು ನಾನೂ ಎರಡು ಸಲ 'ಮೇಲಿದೆ' ಎನ್ನುತ್ತಿದ್ದೆ.

ಸಾಹುಕಾರ ಬರಲು ಹನ್ನೆರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಫೋರ್ಡ್ ಮಿಲ್ಲಿನ ಹಿಂದಿನ ಶೆಡ್ಡು ಸೇರಿ, ಅದರ ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ದಾವಣಗೆರೆ, ಬೆಂಗಳೂರಿಂದ ಕರೆಸಿದ ಮೆಕ್ಯಾನಿಕ್‌ಗಳೆಲ್ಲ ಕೈಚೆಲ್ಲಿದ್ದರು. ಈಗ ದುರ್ಗದಲ್ಲಿ ಹಳೇ ಕಾರುಗಳ ಮೆರವಣಿಗೆ ಎಂದು ಗೊತ್ತಾಗಿತ್ತು. ಕೋಟೆ ಬಾಗಿಲಿಂದ ಹೊರಟು ಹೊಳಲ್ಕೆರೆವರೆಗೆ ಹೋಗಿ ಬರುವುದು. ಹತ್ತೂರಿನ ಕಾರು ಬರುವಾಗ ಊರಿನ ಸಾಹುಕಾರನ ಕಾರೇ ಇಲ್ಲದಿದ್ದರೆ ಹೇಗೆ? ಹಿರಿಯೂರಿಗೆ ಬಂದು ಶೆಡ್ಡಿನ ಮುಂದೆ ನಿಂತು, ಹಳೆಯದನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳಬಾರದು ಎಂದು ಮೇಸ್ತ್ರಿಗೇ ಬುದ್ಧಿ ಹೇಳಿದ. ಕೇಳಿದಷ್ಟು ಕೊಡುತ್ತೇನೆ ಎಂದ.

'ದುಡ್ಡು ಬ್ಯಾಡ್ರಿ ಸಾವ್ಕಾರ್ರೆ' ಎಂದರು ಮೇಸ್ತ್ರಿ. 'ಗಾಡಿ ಎಬ್ಬಿಸ್ತೀನಿ. ಮೆರವಣಿಗೆ ದಿನ ನಾನು ಒಳಗೆ ಕುಂತ್ಕಂತೀನಿ, ಹ್ಯಾಂಡ್ಲು ನೀವು ಹೊಡೀರಿ.'

ಅವನು ಒಪ್ಪಿಕೊಂಡ. ಸಾಹುಕಾರರೇ ಹ್ಯಾಂಡಲ್ ಹೊಡೆದರು ಎಂದು ಪೇಪರಿನಲ್ಲಿ ಫೋಟೋ ಬರುತ್ತದೆ ಎಂದುಕೊಂಡಿರಬೇಕು.

ಮೂರು ತಿಂಗಳು ಮೇಸ್ತ್ರಿ ಆ ಫೋರ್ಡಿನ ಮೇಲೆ ಕೂತರು. ಸೇಡಿಗೆಂದು ಒಂದು ಬೋಲ್ಟನ್ನೂ ಸಡಿಲ ಬಿಡಲಿಲ್ಲ, ನಾನು ಕಣ್ಣಿಟ್ಟು ನೋಡಿದ್ದೇನೆ. ಕೋಳಿ ಗೊಬ್ಬರವನ್ನು ಮೊಣಕಾಲೂರಿ ಕೆರೆದರು. ಸಿಗದ ಗ್ಯಾಸ್ಕೆಟ್ಟನ್ನು ತಾವೇ ಕತ್ತರಿಸಿ ಮಾಡಿಕೊಂಡರು. ಇಷ್ಟು ಅಕ್ಕರೆ ಯಾಕೆ ಎಂದು ನನಗೆ ಸಿಟ್ಟೇ ಬರುತ್ತಿತ್ತು.

ಮೆರವಣಿಗೆಯ ಬೆಳಿಗ್ಗೆ ಕೋಟೆಯ ಮುಂದೆ ಜನವೋ ಜನ. ಕಾರುಗಳನ್ನು ಸಾಲಾಗಿ ನಿಲ್ಲಿಸಿದ್ದರು, ನನ್ನ ಆಸ್ಟಿನ್ ಫೋರ್ಡಿನ ಪಕ್ಕದಲ್ಲೇ. ಮೇಸ್ತ್ರಿ ಫೋರ್ಡನ್ನು ಓಡಿಸಿಕೊಂಡು ಬಂದು ನಿಲ್ಲಿಸಿ, ಎಂದಿನಂತೆ ನಲ್ಲಿ ಮುಚ್ಚಿ, ಎಂಜಿನ್ ಕುಡಿದು ಮುಗಿಸುವವರೆಗೆ ಕಾದರು. ಸಾಹುಕಾರ ರೇಷ್ಮೆ ಜುಬ್ಬಾ, ಜರಿ ಪೇಟದಲ್ಲಿ ಬಂದ. ಬೀಗರೂ ಬಂದಿದ್ದರು. ಅವನು ಬಗ್ಗಿ ಹ್ಯಾಂಡಲ್ ಹಿಡಿದು, ತಲೆಯೆತ್ತಿ ಗಾಜಿನ ಆಚೆ ನೋಡಿದ. ಮೇಸ್ತ್ರಿಯ ಸೊಟ್ಟ ಹೆಬ್ಬೆರಳು ಲಿವರಿನ ಮೇಲಿತ್ತು. ಅವನ ಮುಖ ಬಿಳಿಚಿಕೊಂಡದ್ದು ನನಗೆ ಸ್ಪಷ್ಟವಾಗಿ ಕಂಡಿತು. ಆ ಮುಖ ನೆನೆಸಿಕೊಂಡರೆ ಇಂದಿಗೂ ನನಗೆ ಊಟ ರುಚಿಸುತ್ತದೆ.

'ಹೆಬ್ಬೆರಳು ಸುತ್ತಬ್ಯಾಡ್ರಿ ಸಾವ್ಕಾರ್ರೆ. ಒದ್ದರೆ ಮುರೀತೈತೆ' ಎಂದು ಎಲ್ಲರಿಗೂ ಕೇಳುವಂತೆ ಮೇಸ್ತ್ರಿ ಹೇಳಿದರು.

ಹಿಂದೆ ಸರಿಯಲು ಅವನಿಗೆ ದಾರಿಯಿರಲಿಲ್ಲ. ಕಣ್ಣು ಮುಚ್ಚಿಕೊಂಡು ಹೊಡೆದ. ಹ್ಯಾಂಡಲ್ ಒದೆಯಲೂ ಇಲ್ಲ, ಎಂಜಿನ್ ಏಳಲೂ ಇಲ್ಲ. ಮತ್ತೆ ಹೊಡೆದ. ಪ್ರತಿ ಸಲವೂ ಬಗ್ಗುವ ಮೊದಲು ಆ ಹೆಬ್ಬೆರಳನ್ನು ನೋಡುತ್ತಿದ್ದ. ಹತ್ತಾಯಿತು, ಇಪ್ಪತ್ತಾಯಿತು. ಪೇಟ ಜಾರಿ ಬಿತ್ತು, ಜುಬ್ಬಾ ಬೆನ್ನಿಗೆ ಅಂಟಿತು. ಜನ ಮೊದಲು ಹುರಿದುಂಬಿಸಿದರು, ಆಮೇಲೆ ಎಣಿಸತೊಡಗಿದರು, ಆಮೇಲೆ ನಗತೊಡಗಿದರು. ಬೀಗರೂ ನಕ್ಕರು. ಮುಂದಿನ ಕಾರುಗಳು ಹೊರಟುಹೋದವು. ಮೇಸ್ತ್ರಿ ಮಾತ್ರ ಕೂತಲ್ಲೇ ಕೂತಿದ್ದರು. ಅವರು ಪೆಟ್ರೋಲ್ ನಲ್ಲಿಯನ್ನು ತೆರೆದೇ ಇಲ್ಲವೆಂದು ಅಷ್ಟು ಜನರಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೆ.

ಸಾಹುಕಾರ ಮಡ್‌ಗಾರ್ಡ್ ಹಿಡಿದು ಏದುಸಿರು ಬಿಡುತ್ತ ನಿಂತಾಗ ಮೇಸ್ತ್ರಿ ಕೈ ಚಾಚಿ ನಲ್ಲಿ ತಿರುಗಿಸಿದರು. ಇಳಿದು ಬಂದು, ಎಡಗೈಯಲ್ಲಿ ಒಂದೇ ಒಂದು ಸಲ ಹೊಡೆದರು. ಫೋರ್ಡ್ ಗುರುಗುಟ್ಟಿಕೊಂಡು ಎದ್ದಿತು. 'ನಲ್ಲಿ ಮುಚ್ಚಿಟ್ಟಿದ್ಯೇನಲೇ?' ಎಂದು ಸಾಹುಕಾರ ತೊದಲಿದ.

'ತಮಾಷಿಗೆ ಸಾವ್ಕಾರ್ರೆ' ಎಂದರು ಮೇಸ್ತ್ರಿ. ಬಿದ್ದ ಪೇಟವನ್ನು ಎತ್ತಿ ಧೂಳು ಕೊಡವಿ ಅವನ ಕೈಗಿಟ್ಟು, ಬಂದು ನನ್ನ ಕಾರಿನಲ್ಲಿ ಕೂತರು.

ನಾವು ಹೊಳಲ್ಕೆರೆಗೆ ಹೋಗಲಿಲ್ಲ. ನೇರ ಹಿರಿಯೂರಿನ ದಾರಿ ಹಿಡಿದೆವು. ನಾನು ಕುಣಿಯುವುದೊಂದು ಬಾಕಿ. ಆದರೂ ನನಗೆ ಸಾಲದಾಗಿತ್ತು. ಲಿವರ್ ಕೈಯಲ್ಲೇ ಇತ್ತಲ್ಲ, ಒಂದು ಸಲ ಕೆಳಕ್ಕೆಳೆಯಬಾರದಿತ್ತೇ ಎಂದು ಕೇಳಿದೆ.

'ಮೂರು ಸಲ ಎಳ್ಯಾಣ ಅನ್ನಿಸ್ತು ಸಾರ್' ಎಂದರು ಮೇಸ್ತ್ರಿ. 'ಮುರಿದ್ರೆ ಜನ ಅವನ್ನ ಅಯ್ಯೋ ಪಾಪ ಅಂತಿದ್ರು. ಅಯ್ಯೋ ಅನ್ನಿಸ್ಕಳ್ಳಾ ಸುಖ ಅವನಿಗೆ ನಾನ್ಯಾಕೆ ಕೊಡ್ಲಿ? ಅವತ್ತು ನಂಗೆ ಯಾರೂ ಅನ್ನಲಿಲ್ಲ.' ಹೊಲಗಳ ಕಡೆ ಮುಖ ತಿರುಗಿಸಿ, ದನಿ ಏರಿಸದೆ ಹೇಳಿದರು: 'ನೀವೂ ನಕ್ರಿ ಸಾರ್.'

ನಕ್ಕಿದ್ದೆ. ಕೈಯಲ್ಲಿ ಸಾಹುಕಾರನ ಕಾಫಿ ಲೋಟ, ಪಕ್ಕದಲ್ಲಿ ಬೀಗರು. ಎಲ್ಲರೂ ನಕ್ಕಾಗ ನನ್ನ ಬಾಯಿಯೂ ತೆರೆದಿತ್ತು. ಕೈ ಮುರಿದುಕೊಂಡು ನೆಲಕ್ಕೆ ಕೂತ ಮನುಷ್ಯ ಅದನ್ನು ನೋಡಿರಲಾರ ಎಂದು ಹನ್ನೆರಡು ವರ್ಷ ಧೈರ್ಯವಾಗಿದ್ದೆ. ಸಕ್ಕರೆ ಕಟ್ಟಿಸಿಕೊಂಡು ಓಡಿದ್ದೂ ಅದಕ್ಕೇ.

ಇನ್ನು ಶೆಡ್ಡಿಗೆ ಸೇರಿಸಲಾರರು ಎಂದುಕೊಂಡೇ ಮುಂದಿನ ಭಾನುವಾರ ಹೋದೆ. ಮೇಸ್ತ್ರಿ ಟೀ ತರಿಸಿದರು. ಆಮೇಲೆ ಎಂದಿನಂತೆ ಆಸ್ಟಿನ್ನಿನ ಮುಂದೆ ಹೋಗಿ ಬಗ್ಗಿ, ಇದ್ದ ಒಂದೇ ಒಳ್ಳೆಯ ಕೈಯನ್ನು ಹ್ಯಾಂಡಲ್ ಮೇಲಿಟ್ಟು, 'ಲಿವರ್ ಮೇಲೈತಾ ಸಾರ್?' ಎಂದರು. ಆ ಪ್ರಶ್ನೆ ಲಿವರಿನ ಬಗ್ಗೆಯಲ್ಲ, ನನ್ನ ಬಗ್ಗೆ ಎಂದು ಅಂದು ತಿಳಿಯಿತು. ಹನ್ನೆರಡು ವರ್ಷ ಕೇಳುತ್ತಲೇ ಇದ್ದರು, ಕೈಯನ್ನೂ ಕೊಡುತ್ತಲೇ ಇದ್ದರು. ಲಿವರನ್ನು ಇನ್ನೊಂದು ಸಲ ಮುಟ್ಟಿ ನೋಡಿ, 'ಮೇಲಿದೆ' ಎಂದೆ.

ಅದಾಗಿ ನಾಲ್ಕು ವರ್ಷಕ್ಕೆ ಮೇಸ್ತ್ರಿ ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡರು. ಕೊನೆಯವರೆಗೂ ನಾನು ತಪ್ಪಾಯಿತು ಎನ್ನಲಿಲ್ಲ, ಅವರೂ ಕೇಳಲಿಲ್ಲ. ಮಣ್ಣಿಗೆ ಸಾಹುಕಾರನೂ ಬಂದು, ಮೇಸ್ತ್ರಿಯ ಕೈಗುಣವನ್ನು ಹೊಗಳಿದ. ಅವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಕ್ಷಮಿಸುವ ಯೋಚನೆಯೂ ಇಲ್ಲ. ಆಸ್ಟಿನ್ ಈಗಲೂ ಓಡುತ್ತದೆ. ಒಳಗೆ ಕೂರಲು ಯಾರೂ ಇಲ್ಲದ್ದರಿಂದ ಹ್ಯಾಂಡಲ್ ನಾನೇ ಹೊಡೆಯುತ್ತೇನೆ, ಹೆಬ್ಬೆರಳು ಸುತ್ತದೆ. ಲಿವರನ್ನು ನಾನೇ ಮೇಲಿಟ್ಟು ಬಂದಿರುತ್ತೇನೆ. ಆದರೂ ಬಗ್ಗಿದವನು ಎದ್ದು ಹೋಗಿ, ಇನ್ನೊಂದು ಸಲ ಮುಟ್ಟಿ ನೋಡಿ ಬರುತ್ತೇನೆ. ಆ ಸೀಟಿನಲ್ಲಿ ಕೂರುತ್ತಿದ್ದವನು ಎಂಥವನೆಂದು ನನಗೆ ಗೊತ್ತು.