ಗಾಜಿನ ಕೆಳಗಿನ ಉಣ್ಣೆ

ದೊಡ್ಡಬಳ್ಳಾಪುರದಲ್ಲಿ ಮೊದಲ ಬೆಳಗ್ಗೆ ನನಗೆ ಎಚ್ಚರವಾದದ್ದು ಹೊಡೆತದ ಸದ್ದಿಗೆ. ಗೋಡೆಯಾಚೆ ಠಕ್ ಠಕ್ ಎಂದು ಕಟ್ಟಿಗೆಗೆ ಕಟ್ಟಿಗೆ ಬಡಿಯುತ್ತಿತ್ತು. ಎದುರು ಮನೆಯಲ್ಲೂ ಅದೇ, ಹಿಂದಿನ ಮನೆಯಲ್ಲೂ ಅದೇ. ನಮ್ಮನ್ನು ಹುಡುಕಿಕೊಂಡು ಬಂದರು ಎಂದುಕೊಂಡೆ. ಒಲೆಯ ಪಕ್ಕದ ಸೌದೆ ಎತ್ತಿಕೊಂಡು ಬಾಗಿಲ ಹಿಂದೆ ನಿಂತೆ. ಬಾಗಿಲು ತಳ್ಳಿಕೊಂಡು ಬಂದ ಮನೆಯೊಡತಿ ಪುಟ್ಟಮ್ಮನವರ ತಲೆ ಒಡೆಯುವುದು ಒಂದು ಗೇಣಿನಲ್ಲಿ ತಪ್ಪಿತು. ಅವರ ಕೈಯ ಮಜ್ಜಿಗೆ ಚೆಂಬು ಉರುಳಿತು.

"ಅಯ್ಯೋ ನಿನ್ ಕೈ ಸೇದೋಗ! ಮಗ್ಗ ಕಣಯ್ಯಾ ಅದು! ಸೀರೆ ನೇಯ್ತಾವ್ರೆ! ನಿಮ್ಮೂರಲ್ಲಿ ಮಜ್ಜಿಗೆ ಕೊಡೋಕೆ ಬಂದೋರನ್ನ ಹಿಂಗೇ ಮಾತಾಡ್ಸೋದಾ?"

ತುಂಗಭದ್ರೆಯ ದಂಡೆಯ ನಮ್ಮೂರಿನವರೇ, ನಮ್ಮ ಕಂಬಳಿಯ ಮಗ್ಗ ಎಷ್ಟು ಮೆಲ್ಲಗೆ ಉಸಿರಾಡುತ್ತದೆಂದು ನಿಮಗೆ ಗೊತ್ತು. ಇಲ್ಲಿಯ ಮಗ್ಗ ಬೇರೆ. ಹಗ್ಗ ಜಗ್ಗಿದರೆ ಲಾಳಿ ಗುಂಡಿನಂತೆ ಓಡಿ ಮರಕ್ಕೆ ಬಡಿಯುತ್ತದೆ. ಇಡೀ ಊರು ದಿನವಿಡೀ ಬಡಿದುಕೊಳ್ಳುತ್ತಿರುತ್ತದೆ. ಹದಿನೈದು ದಿನ ಪ್ರತಿ ಬಡಿತಕ್ಕೂ ನನ್ನ ಹೆಗಲು ಹಾರುತ್ತಿತ್ತು.

ಯಾಕೆ ಹಾರುತ್ತಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಯುದ್ಧ ಮುಗಿದ ವರ್ಷ, ಉಣ್ಣೆ ಕತ್ತರಿಸುವ ದಿನ, ಹೊಳೆಯ ಬದಿಯ ಬೇವಿನ ಕೆಳಗೆ ನನ್ನ ತಮ್ಮ ಯಲ್ಲಪ್ಪ ಕುರಿಯೊಂದನ್ನು ಮೊಣಕಾಲ ನಡುವೆ ಹಿಡಿದು ಕೂತಿದ್ದ. ನಾನು ಉಣ್ಣೆಯ ರಾಶಿಯ ಹಿಂದೆ ಕರಿಯದು, ಬೂದಿಯದು ಬೇರೆ ಮಾಡುತ್ತಿದ್ದೆ. ಭರಮಪ್ಪ ಕೊಡಲಿ ಹಿಡಿದು ಜೋಳದ ಹೊಲದೊಳಗಿಂದ ಬಂದ. ಅವನ ಹೊಲದಲ್ಲಿ ರಾತ್ರಿ ಕುರಿಮಂದೆ ತರುಬುವ ಮಾತು ಕೊಟ್ಟು ಯಲ್ಲಪ್ಪ ಇನ್ನೊಬ್ಬರ ಹೊಲಕ್ಕೆ ಕುರಿ ಹೊಡೆದಿದ್ದ. ಗೊಬ್ಬರವೆಲ್ಲ ಅವರ ಪಾಲಾಗಿತ್ತು. ಅಷ್ಟೇ ಜಗಳ. ಮೊದಲ ಏಟು ಹೆಗಲಿಗೆ ಬಿತ್ತು, ಎರಡನೆಯದು ಕುತ್ತಿಗೆಗೆ. ಅರ್ಧ ಬೋಳಾದ ಕುರಿ ರಕ್ತ ಹತ್ತಿದ ಉಣ್ಣೆಯನ್ನು ಎಳೆದುಕೊಂಡು ಓಡಿತು. ನಾನು ರಾಶಿಯೊಳಗೆ ತೂರಿಕೊಂಡೆ. ಬಾಯಿ ತುಂಬ ಉಣ್ಣೆ. ಇನ್ನೂ ಎರಡು ಏಟು ಬಿದ್ದವು. ಎಲ್ಲವೂ ಎಡಗೈಯವು, ಭರಮಪ್ಪ ಎಡಚ. ಹೋಗುವಾಗ ಅವನು ಕೊಡಲಿಯನ್ನು ಒರೆಸಿಕೊಂಡದ್ದು ನಾನು ಅಡಗಿದ್ದ ಆ ರಾಶಿಗೇ. ಆ ಒತ್ತು ನನ್ನ ಬೆನ್ನಿಗೆ ತಾಗಿತು.

ಭರಮಪ್ಪ ನನ್ನ ಹೆಂಡತಿ ಗಂಗವ್ವನ ಒಡಹುಟ್ಟಿದ ಅಣ್ಣ. ಪೊಲೀಸರಿಗೆ ನಾನು "ಊರಲ್ಲಿ ಇರಲಿಲ್ಲ" ಎಂದೆ. ಎರಡು ದಿನ ಹಿಂದೆ ಯಲ್ಲಪ್ಪನೊಡನೆ ಬೈದಾಡಿದ್ದ ಕೂಲಿ ಕುರುಬ ದುರ್ಗಪ್ಪನನ್ನು ಅವರು ಹಗ್ಗ ಹಾಕಿ ಎಳೆದೊಯ್ದರು. ಮುಂದಿನ ಅಮಾವಾಸ್ಯೆಯೊಳಗೆ ನಾನು, ಗಂಗವ್ವ, ಯಲ್ಲಪ್ಪನ ಹೆಂಡತಿ ಕೆಂಚವ್ವ ಊರು ಬಿಟ್ಟೆವು. ತಂದದ್ದು ಒಂದು ಕಂಬಳಿ, ತೊಳೆದ ಉಣ್ಣೆಯ ಒಂದು ಚೀಲ.

ಪುಟ್ಟಮ್ಮನವರ ಮನೆಯ ಹಿಂದಿನ ಅಂಕಣದಲ್ಲಿ ನಮ್ಮ ವಾಸ. ಕಂಬಳಿ ನೇಯ್ದ ಕೈ ಇಲ್ಲಿ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತದೆ. ಅದು ಹೆಂಗಸರ ಕೆಲಸವೆಂದು ಮೊದಮೊದಲು ನಗುತ್ತಿದ್ದರು. ರೊಟ್ಟಿ ಇಲ್ಲ, ರೇಷನ್ನಿನ ರಾಗಿ. ನಾವು ಮುದ್ದೆಯನ್ನು ಅಗಿದು ಅಗಿದು ದವಡೆ ನೋಯಿಸಿಕೊಂಡೆವು. "ಅಗೀಬೇಡ್ರಮ್ಮಾ, ನುಂಗ್ಬೇಕು!" ಎಂದು ಪುಟ್ಟಮ್ಮ ತಲೆ ಚಚ್ಚಿಕೊಂಡರು. ನುಂಗುವುದು ನನಗೆ ಕಷ್ಟವಾಗಲಿಲ್ಲ.

ಗಂಡನ ಮುಖ ನೆನಪಿನಿಂದ ಜಾರುತ್ತಿದೆಯೆಂದು ಒಂದು ದಿನ ಕೆಂಚವ್ವ ಎದುರು ಬಂದು ನಿಂತಳು. "ಭಾವಾರ, ಅವರದೊಂದು ಪಟಾ ಇಲ್ಲ. ಮಾರಿ ಮರ್ಯಾಕ ಹತ್ತೀನಿ."

ಪೇಟೆ ಬೀದಿಯಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುವ ಇಮಾಮ್ ಸಾಬರ ಅಂಗಡಿಯಲ್ಲಿ ನಾನೊಂದು ಬಗೆಯ ಪಟ ನೋಡಿದ್ದೆ. ಬಣ್ಣವಿಲ್ಲ, ಕುಂಚವಿಲ್ಲ. ಕಂಬಳಿಯ ತುಂಡಿನ ಮೇಲೆ ಹಿಂಜಿದ ಉಣ್ಣೆಯ ಎಳೆಗಳನ್ನು ಹಾಸಿ ಮರ, ಗುಡ್ಡ, ಹಕ್ಕಿ. ಅವರ ತಾಯಿಯಿಂದ ಬಂದ ಕೈಗೆಲಸವಂತೆ. ಕಲಿಸಿ ಎಂದೆ. ಒಮ್ಮೆ ಮಾಡಿ ತೋರಿಸಿದರು. ಸುಲಭ ಎನಿಸಿತು, ಮನೆಗೆ ಬಂದು ಮಾಡಿದೆ. ಅಲ್ಲಿ ನಮ್ಮ ಜಾತಿಬುದ್ಧಿ ಕೈಕೊಟ್ಟಿತು. ಮಗ್ಗದ ಹಾಸುನೂಲಿಗೆ ಹುಣಸೆಬೀಜದ ಅಂಟಿನ ಸರಿ ಹಚ್ಚದೆ ನಮ್ಮಲ್ಲಿ ಯಾರು ಕಂಬಳಿ ನೇಯ್ದಿದ್ದಾರೆ? ಎಳೆ ನಿಲ್ಲಲೆಂದು ದಪ್ಪಗೆ ಸರಿ ಬಳಿದು ಯಲ್ಲಪ್ಪನ ಮುಖ ಅಂಟಿಸಿದೆ. ಮೂರನೆಯ ದಿನ ಬೆಳಗ್ಗೆ ನೋಡಿದರೆ ಜಿರಲೆಗಳು ಮುತ್ತಿದ್ದವು. ಒಂದು ಕಣ್ಣು, ಗದ್ದ, ಅರ್ಧ ಕುತ್ತಿಗೆ ತಿಂದಾಗಿತ್ತು. ಕೆಂಚವ್ವ ಅದನ್ನು ನೋಡಿ ಹೊರಗೋಡಿ ವಾಂತಿ ಮಾಡಿದಳು. ಸಿಕ್ಕಿದ ಜಿರಲೆಯನ್ನೆಲ್ಲ ನಾನು ಬರಿಗೈಯಿಂದ ಜಜ್ಜಿದೆ.

ಇಮಾಮ್ ಸಾಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅರೆ ಯಜಮಾನ್ರೇ, ಪಟ ಮಾಡೋದು ಬಿಟ್ಟು ಜಿರ್ಲೆಗೆ ದಾವತ್ ಕೊಟ್ಟಿದ್ದೀರಲ್ಲ! ಗಂಜಿ ಬೇಡ, ಗೋಂದು ಬೇಡ. ಒಣ ಕೆಲಸ ಇದು. ಕೂದಲಿಗೆ ಕೂದಲೇ ಹಿಡ್ಕೊಳ್ತದೆ. ಮೇಲೆ ಗಾಜು ಬಿದ್ರೆ ಮುಗೀತು. ಗಾಜು ಬೀಳೋ ತನಕ ಎಷ್ಟು ಸಲ ಬೇಕಾದ್ರೂ ಎತ್ತಿ ಇಡಿ, ಎತ್ತಿ ಇಡಿ."

ಹಾಗೆ ಶುರುಮಾಡಿದೆ. ಮೊದಲು ಆಕಾಶ: ಎಳೆಯನ್ನು ಹೊಗೆಯಷ್ಟು ತೆಳ್ಳಗೆ ಹರಡಬೇಕು. ಆಮೇಲೆ ದೂರದ್ದು, ಕೊನೆಗೆ ಹತ್ತಿರದ್ದು. ಅಂಗೈಯಿಂದ ಒತ್ತಬೇಕು, ತಿಕ್ಕಬಾರದು. ಒಮ್ಮೆ ಸೀನಿದೆ, ಒಂದು ವಾರದ ಮರ ಹಾರಿಹೋಯಿತು. "ಇದೇನು ಮರಾನೋ ಹಂದೀನೋ?" ಎಂದು ಪುಟ್ಟಮ್ಮ ಕೇಳುತ್ತಿದ್ದರು. ಮೂರು ತಿಂಗಳಿಗೆ ಅದು ಬೇವು ಎಂದು ತಾವಾಗಿಯೇ ಹೇಳಿದರು. ಈ ಊರಿನಲ್ಲಿ ನನ್ನ ಮೊದಲ ಗೆಲುವು ಅದು.

ಅದೇ ವಾರ ನಮ್ಮೂರ ಸಾಲಿ ಮಾಸ್ತರರ ಕಾಗದ ಬಂತು. ದೀಪಾವಳಿ ಕಳೆದ ಮೇಲೆ ಧಾರವಾಡದ ಕೋರ್ಟಿನಲ್ಲಿ ದುರ್ಗಪ್ಪನ ವಿಚಾರಣೆ. ಗಲ್ಲಾದೀತು. ಅವನ ತಾಯಿ ಊರ ಅಗಸೆಬಾಗಿಲಲ್ಲಿ ಕೂತು ಹೋಗಿಬರುವವರ ಕಾಲು ಹಿಡಿಯುತ್ತಾಳೆ. ಗಂಗವ್ವ, ಕೆಂಚವ್ವ ಇಬ್ಬರಿಗೂ ಓದಿ ಹೇಳಿ ಕಾಗದವನ್ನು ಉಣ್ಣೆಯ ಚೀಲದ ತಳಕ್ಕೆ ತುರುಕಿದೆ.

ಆಮೇಲೆ ಕೈ ನನ್ನ ಮಾತು ಕೇಳಲಿಲ್ಲ. ಕೆಂಚವ್ವನಿಗಾಗಿ ಬೇವಿನ ಕೆಳಗೆ ಕೂತ ಯಲ್ಲಪ್ಪನನ್ನು ಮಾಡಿದೆ: ಬಾಗಿದ ಬೆನ್ನು, ಕೆಂಚು ಉಣ್ಣೆಯ ರುಮಾಲು, ಮೊಣಕಾಲ ನಡುವೆ ಕುರಿ. ಅವನ ಹಿಂದಿನ ಜಾಗ ಖಾಲಿ ಬಿಡಬೇಕೆಂದಿದ್ದೆ. ಸಂಜೆಯ ಹೊತ್ತಿಗೆ ಅಲ್ಲಿ ಒಬ್ಬ ನಿಂತಿದ್ದ. ಕೊಡಲಿ ಎತ್ತಿದ್ದ.

ಮರುದಿನ ಪಟ ಹಾಸಿದ ಹಲಗೆಯನ್ನು ಗಾಜಿಗೆಂದು ಒಯ್ದೆ. ಸಾಬರು ಬಹಳ ಹೊತ್ತು ನೋಡಿದರು. ಯಾರು, ಏನು ಎಂದು ಕೇಳಲಿಲ್ಲ. "ಕೊಡ್ಲಿ ಎಡಗೈಗೆ ಹಾಕಿದ್ದೀರಲ್ಲ. ಹೊಸಬರು ಎಡಬಲ ತಪ್ತಾರೆ. ಎತ್ತಿ ಆ ಕಡೆ ಇಡಿ."

ಎತ್ತಿ ಬಲಗೈಯಲ್ಲಿಟ್ಟೆ. ಒಂದು ಚಿಟಿಕೆ ಉಣ್ಣೆ, ಅಷ್ಟೇ. ಅಲ್ಲಿ ದುರ್ಗಪ್ಪ ನಿಂತಿದ್ದ. ಭರಮಪ್ಪ ಎಲ್ಲೂ ಇರಲಿಲ್ಲ. ಒಬ್ಬನ ಕುತ್ತಿಗೆಗೆ ಹಗ್ಗ ಹಾಕುವುದು ಇಷ್ಟು ಹಗುರವೇ ಎಂದು ಬೆರಳು ನೋಡಿಕೊಂಡೆ. ಗಾಜು ಹಾಕಿಸದೆ, ಮೇಲೊಂದು ಹಲಗೆ ಮುಚ್ಚಿ ಮನೆಗೆ ಹೊತ್ತು ತಂದೆ.

ಕೆಂಚವ್ವ ರುಮಾಲನ್ನು ನೋಡಿಯೇ ಗಂಡನನ್ನು ಗುರುತಿಸಿದಳು. ಹಿಂದೆ ನಿಂತವನನ್ನು ತೋರಿಸಿ, "ಇವನ ಅಲ್ಲ, ದುರ್ಗಪ್ಪ?" ಎಂದು ಕೇಳಿದಳು. ನಾನು ಮುಚ್ಚಲು ಹಲಗೆ ಎತ್ತಿಕೊಂಡೆ.

ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದ ಗಂಗವ್ವ ಎದ್ದು ಬಂದಳು. ಸೆರಗಿಗೆ ಕೈ ಒರೆಸಿಕೊಂಡಳು. ಪಟವನ್ನು ನೋಡಿದಳು, ನನ್ನನ್ನು ನೋಡಿದಳು. ಎರಡು ಬೆರಳಿನಿಂದ ಕೊಡಲಿಯ ಉಣ್ಣೆಯನ್ನು ಎತ್ತಿ ಎಡಗೈಯಲ್ಲಿಟ್ಟು ಒತ್ತಿದಳು.

"ನಿಮಗ ಗೊತ್ತಿತ್ತು?" ಎಂದು ನನ್ನನ್ನು ಕೇಳಿದಳು.

"ನಿನಗ?"

"ಅವತ್ತ ಸಂಜೀಕ ಅವನ ಅಂಗಿ ಒಗದಾಕಿ ನಾನು. ಕುರಿ ಕೊಯ್ದೀನಿ ಅಂದ. ಯಾವ ಕುರಿ ಅಂತ ಕೇಳಲಿಲ್ಲ. ನಿಮಗ ತಿಳಿದ್ರ ನೀವು ಕೊಡ್ಲಿ ಹಿಡಕೊಂಡು ಹೋಗ್ತೀರಿ, ನಿಮ್ಮನ್ನೂ ಕಳಕೊಂಡೇನು ಅಂತ ಬಾಯಿ ಮುಚ್ಚಿದೆ."

ಒಂದೇ ಕಂಬಳಿಯಡಿ ಮಲಗಿ ಒಂದು ವರ್ಷ ಇಬ್ಬರೂ ಒಂದೇ ಮಾತನ್ನು ನುಂಗಿದ್ದೆವು.

ಕೆಂಚವ್ವ ಒಲೆಯ ಬಳಿಯಿದ್ದ ಮುದ್ದೆಕೋಲು ತೆಗೆದುಕೊಂಡಳು. ಗಂಗವ್ವನ ಹೆಗಲಿಗೆ, ಬೆನ್ನಿಗೆ ಬಡಿದಳು. ಬಿಸಿ ಹಿಟ್ಟು ಗೋಡೆಗೆ ಸಿಡಿಯಿತು. ಗಂಗವ್ವ ಕೈ ಅಡ್ಡ ತರಲಿಲ್ಲ. ಬಿಡಿಸಲು ಹೋದ ನನ್ನ ಹುಬ್ಬು ಸೀಳಿತು. "ನನ್ನ ಕೂಡ ಅನ್ನಾ ಉಂಡು ನನ್ನ ಮುಂದ ಕುಂತೀರಲ್ಲ! ಅವನ ತಾಯಿ ಅಗಸ್ಯಾಗ ಕುಂತಾಳ!" ಕೋಲು ಮುರಿದ ಮೇಲೆ ಉಗುರಿನಿಂದ ಪರಚಿದಳು. ಪುಟ್ಟಮ್ಮ ಓಡಿಬಂದು ಅವಳ ಸೊಂಟ ಹಿಡಿದು ಎಳೆದರು. ಪಕ್ಕದ ಮಗ್ಗಗಳು ಆ ಹೊತ್ತು ನಿಂತಿದ್ದವು. ಆ ಊರಿನಲ್ಲಿ ಹಗಲಲ್ಲಿ ನಿಶ್ಶಬ್ದ ಕೇಳಿದ್ದು ಅದೊಂದೇ ಸಲ.

ಮರುದಿನ ಇಮಾಮ್ ಸಾಬರು ನನ್ನ ಹುಬ್ಬಿನ ಗಾಯ ನೋಡಿದರು, ಕೊಡಲಿ ಮತ್ತೆ ಎಡಗೈಗೆ ಬಂದದ್ದನ್ನೂ ನೋಡಿದರು. "ಹಾಕಲಾ?" ಎಂದರು. "ಹಾಕ್ರಿ" ಎಂದೆ. ಗಾಜು ಕೂತಿತು.

ಧಾರವಾಡದ ಕಟಕಟೆಯಲ್ಲಿ ನಾನೂ ಗಂಗವ್ವನೂ ಹೇಳಿದ್ದನ್ನು ನಿಮ್ಮಲ್ಲಿ ಹಲವರು ನಿಂತು ಕೇಳಿದ್ದೀರಿ. ದುರ್ಗಪ್ಪ ಹೊರಬಂದ. ಎಡಗಿವಿ ಕೇಳುತ್ತಿರಲಿಲ್ಲ, ಮುಂದಿನ ಹಲ್ಲು ಇರಲಿಲ್ಲ. ನನ್ನ ಕಾಲ ಹತ್ತಿರ ಉಗುಳಿ ಹೋದ. ಅದು ಅವನ ಹಕ್ಕು. ಭರಮಪ್ಪನಿಗೆ ಜೀವಾವಧಿಯಾಯಿತು. ಊರಿಗೆ ಹೋದರೆ ಅತ್ತೆ ಹೊಸ್ತಿಲಲ್ಲಿ ನಿಂತು ಮಗಳ ಮೇಲೆ ಹಿಡಿ ಮಣ್ಣು ತೂರಿದಳು. ಆ ಬಾಗಿಲು ಮುಚ್ಚಿತು. ನಮ್ಮ ಓಣಿಯಲ್ಲಿ ಯಾರೂ ನೀರು ಕೊಡಲಿಲ್ಲ. ನಿಮ್ಮನ್ನು ದೂರುವುದಿಲ್ಲ, ವರ್ಷಪೂರ್ತಿ ಸುಮ್ಮನಿದ್ದವನಿಗೆ ಯಾವ ನೀರು?

ಕೆಂಚವ್ವ ಅಲ್ಲೇ ಉಳಿದಳು. ಪಟ ಬೇಡವೆಂದಳು. "ನಾ ಅವರ ಮಾರಿ ಕೇಳಿದ್ದೆ, ಕೊಡ್ಲಿ ಅಲ್ಲ." ಈಗ ಕುರಿ ಮೇಯಿಸುತ್ತಾಳಂತೆ. ಅವಳಿಗೆಂದು ಬರೀ ಮುಖವೊಂದನ್ನೇ ಮಾಡುತ್ತಿದ್ದೇನೆ. ಇನ್ನೂ ಕೂತಿಲ್ಲ, ಗಾಜು ಹಾಕಿಸಿಲ್ಲ.

ನಾವು ಮತ್ತೆ ಈ ಬಡಿತದ ಊರಿಗೆ ಬಂದೆವು. ಊರಿಂದ ತಿರುಗಿ ಬಂದ ದಿನ ನನಗೆ ನಿದ್ದೆ ಬರಿಸಿದ್ದು ಅದೇ ಮಗ್ಗಗಳ ಸದ್ದು. ಪುಟ್ಟಮ್ಮ ನಮ್ಮನ್ನು "ನಮ್ಮೋರು" ಎಂದು ಪರಿಚಯಿಸುತ್ತಾರೆ, ನಾನು ಬಾಯಿ ತೆರೆದ ಕೂಡಲೇ ಜನ "ಯಾವ ಕಡೆಯೋರು?" ಎನ್ನುತ್ತಾರೆ. ಆ ಪಟ ನಮ್ಮ ಗೋಡೆಯ ಮೇಲಿದೆ. ಬೇವು, ಯಲ್ಲಪ್ಪ, ಭರಮಪ್ಪ ಎಲ್ಲ ನಮ್ಮೂರ ಚೀಲದ ಉಣ್ಣೆ. ಕೊನೆಗೆ ಅದು ಸಾಲದೆ ನೆಲಕ್ಕೆ ಮಾತ್ರ ಇಲ್ಲಿಯ ಸಂತೆಯ ಉಣ್ಣೆ ಹಾಸಿದ್ದೆ. ತಮ್ಮ ಕೂತಿರುವುದೂ, ಭರಮಪ್ಪ ನಿಂತಿರುವುದೂ ಇಲ್ಲಿಯ ನೆಲದ ಮೇಲೆ.

ಗಂಗವ್ವ ದಿನಾ ಬೆಳಗ್ಗೆ ಗಾಜು ಒರೆಸುತ್ತಾಳೆ. ಮೊದಲು ಮೈದುನನ ಕಡೆ, ಆಮೇಲೆ ಅಣ್ಣನ ಕಡೆ. ಎರಡೂ ಕಡೆ ಅಷ್ಟೇ ಹೊತ್ತು.